ಕಣಜ ಮೊದಲು, ಜೇನು ಆಮೇಲೆ

ನಮಸ್ಕಾರ, ಶಿರಸಿಯಿಂದ. ಹೊರಗೆ ಮಳೆ ಹೊಡೆಯುತ್ತಾ ಇದೆ, ಹೆಂಚಿನ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ, ಮೈಕ್ ಹಳೆಯದು. ಇವತ್ತು ಮಿಸರಿ ಜೇನನ್ನು, ಅದೇ ಚುಚ್ಚದ ಪುಟ್ಟ ಜೇನನ್ನು, ಪೆಟ್ಟಿಗೆಗೆ ಕೂರಿಸುವುದು ಹೇಗೆ ಅಂತ ಹೇಳಬೇಕು ಅಂದುಕೊಂಡಿದ್ದೆ. ಆದರೆ ನಿನ್ನೆ ರಾತ್ರಿ ಒಂದು ಕಾಮೆಂಟ್ ಓದಿ ತಲೆ ಕೆಟ್ಟುಹೋಯಿತು. ಹೋದ ವಿಡಿಯೋದಲ್ಲಿ ನಮ್ಮ ಕೊಟ್ಟಿಗೆಯ ಮಾಡಿನ ಕೆಳಗಿರುವ ಕಣಜದ ಗೂಡನ್ನು ಎರಡೇ ನಿಮಿಷ ತೋರಿಸಿದ್ದೆ, ನೆನಪಿದೆಯಾ? ಅದಕ್ಕೆ ಒಬ್ಬರು ಬರೆದಿದ್ದಾರೆ: "ಜೇನಿನ ಬಗ್ಗೆ ಹೇಳಿ ಸರ್, ಕಣಜದ ಮೇಲೆ ಯಾರು ಸಂಶೋಧನೆ ಮಾಡ್ತಾರೆ, ಸೀಮೆಎಣ್ಣೆ ಹಾಕಿ ಸುಡಿ." ಅದಕ್ಕೆ 40 ಲೈಕ್ ಬೇರೆ!

ಕಣಜ ಅಂದರೆ ಭತ್ತ ತುಂಬುವ ಕಣಜ ಅಲ್ಲ ಮತ್ತೆ, ಹುಳ. ಕೆಲವರು ಕಡಜ ಅನ್ನುತ್ತಾರೆ. ಹಾಗೇ ಕರೆಯಿರಿ, ಆದರೆ ಸುಡಬೇಡಿ.

ಯಾರು ಸಂಶೋಧನೆ ಮಾಡ್ತಾರೆ ಅಂತ ಕೇಳಿದಿರಲ್ಲ, ಕೇಳಿ. ಬ್ರಿಟಿಷರ ಕಾಲದಲ್ಲಿ ಬಿಂಗ್‌ಹ್ಯಾಮ್ ಅಂತ ಒಬ್ಬ ಸೈನ್ಯದ ಅಧಿಕಾರಿ ಇದ್ದ. ಆಮೇಲೆ ಬರ್ಮಾದಲ್ಲಿ ಕಾಡಿನ ಇಲಾಖೆಗೆ ಸೇರಿದ. ಆಗಿನ ಇಂಡಿಯಾದ ಈ ಹುಳಗಳನ್ನೆಲ್ಲ ಒಟ್ಟು ಮಾಡಿ ಅವನು ಬರೆದ ದಪ್ಪ ಪುಸ್ತಕ 1897ರಲ್ಲಿ ಬಂತು. ಹೆಸರೇನು ಗೊತ್ತಾ? ಕನ್ನಡದಲ್ಲಿ ಹೇಳಿದರೆ 'ಕಣಜಗಳು ಮತ್ತು ಜೇನುಗಳು'. ಯಾವುದು ಮೊದಲು ಬಂತು ನೋಡಿ. ಕಣಜ ಮೊದಲು, ಜೇನು ಆಮೇಲೆ.

"ಅದು ಹೆಸರು ಇಡುವ ರೀತಿ ಸರ್, ಅದರಲ್ಲೇನಿದೆ" ಅನ್ನುತ್ತೀರಿ. ಏನೂ ಇಲ್ಲ. ಮದುವೆ ಕರೆಯೋಲೆಯಲ್ಲಿ ನಿಮ್ಮ ಹೆಸರು ಕೆಳಗೆ ಹಾಕಿದರೆ ಸುಮ್ಮನಿರುತ್ತೀರಾ?

ನಮ್ಮ ಕಾರವಾರದ ಕಥೆ ಇನ್ನೂ ಮಜಾ. ಅದೇ ಕಾಲದಲ್ಲಿ ಅಲ್ಲಿ ಮೂರು ಜನ ಹುಳದ ಹುಚ್ಚರು ಸೇರಿದ್ದರು. ಡೇವಿಡ್ಸನ್ ಕಲೆಕ್ಟರ್, ಐಟ್ಕೆನ್ ಉಪ್ಪಿನ ಸುಂಕದ ಇಲಾಖೆಯವನು, ಬೆಲ್ ಕಾಡಿನ ಇಲಾಖೆಯವನು. ಈ ಬೆಲ್ ನಿವೃತ್ತಿ ಆದಮೇಲೂ ಊರಿಗೆ ಹೋಗಲಿಲ್ಲ, ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡ. ಮೂವರೂ ಸೇರಿ ಉತ್ತರ ಕನ್ನಡದ ಒಂದು ಹುಳದ ಬಗ್ಗೆ ಕಂತು ಕಂತಾಗಿ ಬರೆದರು. ಅದರ ಮರಿಹುಳಗಳನ್ನು ಸಾಕಿ, ಯಾವ ಗಿಡದ ಎಲೆ ತಿನ್ನುತ್ತವೆ ಅಂತ ಒಂದೊಂದನ್ನೇ ನೋಡಿ ಬರೆದರು. ಯಾವ ಹುಳ? ಚಿಟ್ಟೆ! ಇಷ್ಟು ಶ್ರದ್ಧೆ ಇದ್ದವರು ಕಣಜದ ಬಗ್ಗೆ ಹೀಗೆ ಒಂದು ಸರಣಿ ಬರೆದಿದ್ದರೆ ಇವತ್ತು ನಾನು ಮಳೆಯಲ್ಲಿ ಕೂತು ಗಂಟಲು ಹರಿದುಕೊಳ್ಳಬೇಕಿರಲಿಲ್ಲ. ಬಣ್ಣದ ರೆಕ್ಕೆ ಇದ್ದರೆ ಕಲೆಕ್ಟರೂ ಹಿಂದೆ ಓಡುತ್ತಾನೆ. ಸಿಹಿ ಕೊಟ್ಟರೆ ಇಡೀ ಊರೇ ಓಡುತ್ತದೆ. ಕಣಜಕ್ಕೆ ಸೀಮೆಎಣ್ಣೆ.

(ಸಿಹಿ ಅಂದ ತಕ್ಷಣ ನೆನಪಾಯಿತು, ನಮ್ಮ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡಜೇನಿನ ತುಪ್ಪ ಇನ್ನು ಆರು ಬಾಟಲಿ ಮಾತ್ರ ಉಳಿದಿದೆ. ಬೇಕಾದವರು ಮೆಸೇಜ್ ಮಾಡಿ. ಹೌದು, ಕಣಜದ ಪರ ಮಾತಾಡುವವನು ಜೇನು ಮಾರುತ್ತಾನೆ, ಹೊಟ್ಟೆಪಾಡು.)

ಈಗ ಮುಖ್ಯ ವಿಷಯ. ಜಗತ್ತಿನಲ್ಲಿ ಕೀಟಗಳ ಸಮಾಜದ ಬಗ್ಗೆ ಓದುವವರು ಕರ್ನಾಟಕದ ಒಂದು ಹುಳದ ಹೆಸರು ಕೇಳೇ ಇರುತ್ತಾರೆ. ರೋಪಾಲಿಡಿಯಾ ಮಾರ್ಜಿನೇಟಾ. ಜೇನಲ್ಲ ಸ್ವಾಮಿ, ಕಣಜ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಇದರ ಹಿಂದೆ ದಶಕಗಟ್ಟಲೆ ಕೂತರು. ಪಿಎಚ್‌ಡಿ ಮಾಡಿದ್ದು ಮಾಲಿಕ್ಯುಲರ್ ಬಯಾಲಜಿಯಲ್ಲಿ, ಮನಸ್ಸು ಹೋಗಿದ್ದು ಕಣಜದ ಮೇಲೆ. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾರು ಏನು ಮಾಡುತ್ತಾರೆ ಅಂತ ಬರೆದಿಟ್ಟರು. ನಮ್ಮ ಉತ್ತರ ಕನ್ನಡದ ಕಾಡಿಗೂ ಅವರ ತಂಡ ಬಂದಿತ್ತು. ದೀಪದ ಬಲೆ, ನೆಲದಲ್ಲಿ ಹೂತ ಬಲೆ ಎಲ್ಲ ಇಟ್ಟು ಇಲ್ಲಿ ಎಷ್ಟು ಬಗೆಯ ಕೀಟ ಇವೆ ಅಂತ ಲೆಕ್ಕ ಹಾಕಿ 1990ರಲ್ಲಿ ಬರೆದರು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಶಿರಸಿ ಜಾತ್ರೆಯಲ್ಲಿ ನಿಂತು ಕೇಳಿ ನೋಡಿ.

ಆ ಕಣಜ ಮಾಡುವುದೇನು ಅಂತ ಕೇಳಿ. ಜೇನಿನ ರಾಣಿ ದಪ್ಪ ಉದ್ದ ಇರುತ್ತಾಳೆ, ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ರಾಣಿಯೂ ಕೆಲಸದವಳೂ ನೋಡಲು ಒಂದೇ ಥರ. ಮೊಟ್ಟೆ ಇಡುವಾಗ ಸಿಕ್ಕಿಬಿದ್ದರೆ ಮಾತ್ರ ರಾಣಿ ಅಂತ ಗೊತ್ತು. ಜೋರೂ ಇಲ್ಲ, ಜಗಳವೂ ಇಲ್ಲ. ಆ ರಾಣಿಯನ್ನು ಎತ್ತಿ ಹೊರಗಿಟ್ಟರೆ ಸ್ವಲ್ಪ ಹೊತ್ತಿಗೇ ಒಬ್ಬಳು, ಒಬ್ಬಳೇ, ಎಲ್ಲರ ಮೇಲೆ ಏರಿಹೋಗುತ್ತಾಳೆ. ಉಳಿದವರು ಎದುರು ನಿಲ್ಲುವುದಿಲ್ಲ. ಕೆಲವು ದಿನಕ್ಕೆ ತಣ್ಣಗಾಗಿ ಮೊಟ್ಟೆ ಇಡಲು ಶುರು ಮಾಡುತ್ತಾಳೆ. ಮುಂದಿನ ರಾಣಿ ಯಾರು ಅಂತ ಮೊದಲೇ ನೋಡಿ ಹೇಳಲು ವಿಜ್ಞಾನಿಗಳಿಗೆ ಆಗುವುದಿಲ್ಲ, ಆದರೆ ಕಣಜಗಳಿಗೆ ಗೊತ್ತು! ನಮ್ಮಲ್ಲಿ ಎರಡು ಎಕರೆ ಅಡಿಕೆ ತೋಟ ಹಿಸೆ ಆಗಬೇಕಾದರೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುತ್ತಾರೆ. ಯಾರು ಯಾರಿಗೆ ಸೀಮೆಎಣ್ಣೆ ಹಾಕಬೇಕು?

"ಕಣಜ ಕಚ್ಚುತ್ತೆ ಸರ್." ಹೆಜ್ಜೇನು ಮುತ್ತು ಕೊಡುತ್ತದಾ?

"ಜೇನುಪೆಟ್ಟಿಗೆಗೆ ಬಂದು ಜೇನು ಹಿಡಿಯುತ್ತೆ ಸರ್." ಅದು ದೊಡ್ಡ ಕಣಜ, ಬೇರೆ. ಪಕ್ಕದ ಮನೆಯವನು ಅಡಿಕೆ ಕದ್ದ ಅಂತ ಇಡೀ ಕೇರಿಗೆ ಬೆಂಕಿ ಇಡುತ್ತೀರಾ?

"ಜೇನಿನಿಂದ ಜನ ಬದುಕುತ್ತಾರೆ ಸರ್, ಅದಕ್ಕೇ ಸಂಶೋಧನೆ ಬೇಕು." ಇದು ಸ್ವಲ್ಪ ಸರಿ, ಒಪ್ಪುತ್ತೇನೆ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಬಹುಪಾಲು ಖಾಲಿ ಆದವು. ಮರಿಗಳು ನೀರು ತುಂಬಿದ ಚೀಲದ ಹಾಗೆ ಉಬ್ಬಿ ಸಾಯುತ್ತಿದ್ದವು. ಅದರ ಮೇಲೆ ಕೆಲಸ ಮಾಡಲಿ, ಬೇಡ ಅಂದವರು ಯಾರು? ಆದರೆ ಕಣಜ ಮೊದಲು!

ಯಾಕೆ ಮೊದಲು ಅಂದರೆ, 10 ಕೋಟಿ ವರ್ಷಕ್ಕೂ ಹಿಂದೆ ಜೇನುಗಳು ಬಂದಿದ್ದೇ ಕಣಜಗಳಿಂದ. ಹುಳ ಬೇಟೆಯಾಡುತ್ತಿದ್ದ ಒಂದು ಗುಂಪು ಹೂವಿನ ಪರಾಗಕ್ಕೆ ಹೊರಳಿತು. ಅಂದರೆ ನಿಮ್ಮ ಜೇನು ಏನು? ಸಸ್ಯಾಹಾರಿ ಆದ ಕಣಜ! ಈ ಒಂದು ಸಾಲನ್ನು ಯಾರಾದರೂ ಟಿ ಶರ್ಟ್ ಮೇಲೆ ಹಾಕಿಸಿಕೊಡಿ, ನಾನು ಇಡೀ ಮಳೆಗಾಲ ಅದನ್ನೇ ಹಾಕಿಕೊಂಡು ತಿರುಗುತ್ತೇನೆ.

ಇನ್ನೂ ಎರಡು ಪಾಯಿಂಟ್ ಬರೆದಿಟ್ಟಿದ್ದೆ, ಚೀಟಿ ಒದ್ದೆಯಾಗಿದೆ, ಓದಲು ಆಗುತ್ತಿಲ್ಲ. ಇರಲಿ. ಕಣಜ ಮೊದಲು. ಮೊದಲು ಅಂದರೆ ಮೊದಲು. ಸಬ್‌ಸ್ಕ್ರೈಬ್ ಮಾಡಿ, ಆ 40 ಲೈಕ್ ಕೊಟ್ಟವರೂ ಮಾಡಿ, ನನಗೆ ಬೇಜಾರಿಲ್ಲ. ಗೂಡನ್ನು ಇನ್ನೊಮ್ಮೆ ತೋರಿಸುತ್ತೇನೆ, ಇರಿ, ಟಾರ್ಚ್ ಹಿಡಿಯುತ್ತೇನೆ. ನೋಡಿ, ಒಂದು ತೆಳು ಕಡ್ಡಿಯಿಂದ ನೇತಾಡುತ್ತಾ ಇದೆ, ಮರದ ನಾರು ಕೆರೆದು ಜಗಿದು ಮಾಡಿದ ಬೂದು ಕಾಗದ, ಆರು ಮೂಲೆಯ ಮನೆಗಳು, ಒಂದರಲ್ಲಿ ಬಿಳಿ ಮರಿ ತಲೆ ಆಡಿಸುತ್ತಾ ಇದೆ...

ಆಯಿ ಕರೆಯುತ್ತಾ ಇದ್ದಾಳೆ. "ತಮಾ, ಆ ಗೂಡು ತೆಗಿತ್ಯ ಇಲ್ಯ?"

ಇಲ್ಲ ಆಯಿ!