ಹೆಸರು ಕಳೆದುಕೊಂಡವನು

ಕೇಳುಗರಿಗೆ ನಮಸ್ಕಾರ.

ಹಳ್ಳಿಗಳಲ್ಲಿ ಯಾರದಾದರೂ ಮೈಮೇಲೆ ದೆವ್ವ ಬಂತು ಅಂದರೆ ಮಂತ್ರವಾದಿಯನ್ನು ಕರೆಸುತ್ತಿದ್ದರು. ಬೇವಿನ ಸೊಪ್ಪು, ನಿಂಬೆಹಣ್ಣು ಎಲ್ಲ ಆಮೇಲೆ. ಅವನು ಮೊದಲು ಕೇಳುತ್ತಿದ್ದುದು, "ಯಾರು ನೀನು? ಯಾವೂರು? ಹೆಸರು ಹೇಳು." ಅದು ಸುಲಭಕ್ಕೆ ಬಾಯಿ ಬಿಡುತ್ತಿರಲಿಲ್ಲ. ಬೈಯುತ್ತಿತ್ತು, ನಗುತ್ತಿತ್ತು, ಗೋಡೆ ಕಡೆ ಮುಖ ಮಾಡಿ ಕೂರುತ್ತಿತ್ತು. ಹೆಸರು ಹೇಳಿತು ಅಂದರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಅದು ದೆವ್ವ ಅಲ್ಲ. ಬಾವಿಗೆ ಬಿದ್ದ ಯಾರ ಮನೆಯದೋ ಸೊಸೆ. ಕೂತವರಲ್ಲಿ ಒಬ್ಬರಾದರೂ ಆಗ ಕಣ್ಣೊರೆಸಿಕೊಳ್ಳುತ್ತಿದ್ದರು.

ದೆವ್ವ ಇದೆಯೋ ಇಲ್ಲವೋ ಅನ್ನುವ ತಕರಾರು ಇವತ್ತು ಬೇಡ. ಇದೆಲ್ಲ ನೆನಪಾಗಿದ್ದು ಆ ಪ್ರಶ್ನೆಯಿಂದ. ನಾನು ಇವತ್ತು ಮಾತಾಡಬೇಕೆಂದಿರುವುದು ಬಹಳ ದೂರದ, ಕಲ್ಪನೆಯ ಲೋಕದ ಒಂದು ಜೀವಿಯ ಬಗ್ಗೆ. ಅವನ ಕತೆಯೂ ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ಗೊಲ್ಲಮ್. ಸಿನಿಮಾದಲ್ಲಿ ನೋಡಿರುತ್ತೀರಿ. ಬೋಳು ತಲೆ, ದೀಪದಂಥ ಕಣ್ಣು, ಎಲುಬಿನ ಮೇಲೆ ಬರೀ ಚರ್ಮ. ಕೈಕಾಲು ಊರಿಕೊಂಡು ಬಂಡೆ ಇಳಿಯುವವನು.

ಅವನನ್ನು ಹುಟ್ಟಿಸಿದವರು ಜೆ. ಆರ್. ಆರ್. ಟೋಲ್ಕಿನ್. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. 1937ರಲ್ಲಿ ಅವರ 'ದಿ ಹಾಬಿಟ್' ಎಂಬ ಮಕ್ಕಳ ಕತೆ ಅಚ್ಚಾಗಿ ಬಂತು. ಹಾಬಿಟ್ ಅಂದರೆ ನಮ್ಮ ಸೊಂಟದೆತ್ತರದ, ಹೊಟ್ಟೆಬಾಕ, ಮನೆ ಬಿಟ್ಟು ಕದಲದ ಜನ. ಅವರಲ್ಲೊಬ್ಬ, ಬಿಲ್ಬೋ, ಬೆಟ್ಟದಡಿಯ ಸುರಂಗದಲ್ಲಿ ದಾರಿ ತಪ್ಪುತ್ತಾನೆ. ಕತ್ತಲಲ್ಲಿ ಒಂದು ಉಂಗುರ ಸಿಗುತ್ತದೆ, ಜೇಬಿಗೆ ಹಾಕಿಕೊಳ್ಳುತ್ತಾನೆ. ಮುಂದೆ ತಣ್ಣನೆಯ ಒಂದು ಕೊಳ. ಅಲ್ಲಿ ಪುಟ್ಟ ದೋಣಿಯಲ್ಲಿ ಗೊಲ್ಲಮ್.

ಆ ಕತೆಯಲ್ಲಿ ಅವನು ಬರೀ ಒಂದು ಪ್ರಾಣಿ. ಎಲ್ಲಿಂದ ಬಂದ, ಯಾರು, ಏನು, ನನಗೂ ಗೊತ್ತಿಲ್ಲ ಅಂತ ಕತೆ ಹೇಳುವವನೇ ಕೈಯಾಡಿಸಿಬಿಡುತ್ತಾನೆ. ಇಬ್ಬರೂ ಒಗಟು ಹಾಕಿಕೊಂಡು ಆಡುತ್ತಾರೆ. ಮೊದಲ ಆವೃತ್ತಿಯಲ್ಲಿ ಗೊಲ್ಲಮ್ ಸೋಲುತ್ತಾನೆ. ಬಹುಮಾನವಾಗಿ ಕೊಡಬೇಕಿದ್ದ ಉಂಗುರ ಸಿಗದೆ ಒದ್ದಾಡುತ್ತಾನೆ. ತಪ್ಪಾಯ್ತು ಅಂತ ಕ್ಷಮೆ ಕೇಳಿ, ಹೊರಗೆ ಹೋಗುವ ದಾರಿ ತೋರಿಸುತ್ತಾನೆ. ಎಂಥ ಮರ್ಯಾದಸ್ಥ ನೋಡಿ!

ಆಮೇಲೆ ಟೋಲ್ಕಿನ್ ದೊಡ್ಡ ಕತೆ ಶುರು ಮಾಡಿದರು. ಅದರಲ್ಲಿ ಆ ಉಂಗುರ ಇಟ್ಟುಕೊಂಡವರ ಆಯುಸ್ಸು ಎಳೆಯುತ್ತಾ ಹೋಗುತ್ತದೆ, ಬದುಕು ತೆಳ್ಳಗಾಗುತ್ತದೆ. ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಹಾಗಾದರೆ ಗೊಲ್ಲಮ್ ಅದನ್ನು ಬಹುಮಾನ ಅಂತ ಕೊಡುವುದೆಂತು? ಲೆಕ್ಕ ಸರಿಹೋಗಲಿಲ್ಲ. ಹಳೆಯ ಅಧ್ಯಾಯವನ್ನು ಹೀಗೆ ತಿದ್ದಬಹುದೇನೋ ಅಂತ ಒಂದು ಮಾದರಿ ಬರೆದು 1947ರಲ್ಲಿ ಪ್ರಕಾಶಕರಿಗೆ ಕಳಿಸಿದರು. ಅವರು ಅದನ್ನೇ ಸೀದಾ ಅಚ್ಚಿಗೆ ಹಾಕಿದರು. ಕರಡು ಕೈಗೆ ಬಂದಾಗ ಟೋಲ್ಕಿನ್ ಅವರಿಗೇ ಆಶ್ಚರ್ಯ. 1951ರ ಆವೃತ್ತಿಯಿಂದ ಗೊಲ್ಲಮ್ ಕಿರುಚುತ್ತಾನೆ, ಶಾಪ ಹಾಕುತ್ತಾನೆ, ಕೊಲ್ಲಲು ಹೊರಡುತ್ತಾನೆ.

ತಿದ್ದಿದ ಆ ಅಧ್ಯಾಯದಲ್ಲೇ ಇನ್ನೊಂದು ಚಿಕ್ಕ ಜಾಗ ಸೇರಿಕೊಂಡಿತು. ಉಂಗುರ ಹಾಕಿಕೊಂಡ ಬಿಲ್ಬೋ ಯಾರ ಕಣ್ಣಿಗೂ ಕಾಣುವುದಿಲ್ಲ. ಕೈಯಲ್ಲಿ ಕತ್ತಿ. ಎದುರಿಗೆ ದಾರಿಗೆ ಅಡ್ಡ ಕೂತ ಗೊಲ್ಲಮ್. ಒಂದೇ ಏಟು ಸಾಕಿತ್ತು. ಆಗ ಬಿಲ್ಬೋಗೆ ಏನೋ ಹೊಳೆಯುತ್ತದೆ. ಬೆಳಕಿಲ್ಲದ ದಿನಗಳು, ಕಲ್ಲು, ತಣ್ಣನೆ ಮೀನು, ಮತ್ತೆ ಅದೇ ನಾಳೆ. ಹೊಡೆಯುವುದಿಲ್ಲ. ಅವನ ತಲೆ ಮೇಲಿಂದ ಹಾರಿ ಓಡಿಬಿಡುತ್ತಾನೆ.

ಇನ್ನು ದೊಡ್ಡ ಕತೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್', 1954 ಮತ್ತು 55ರಲ್ಲಿ ಬಂತು. ಗೊಲ್ಲಮ್ ಯಾರು ಅನ್ನುವುದು ಅಲ್ಲಿ ಬಯಲಾಗುತ್ತದೆ. ಬಿಲ್ಬೋನ ಉಂಗುರ ಈಗ ಅವನ ಬಂಧು, ಇನ್ನೊಬ್ಬ ಹಾಬಿಟ್ ಫ್ರೋಡೋ ಕೈಯಲ್ಲಿದೆ. ಮಾಂತ್ರಿಕ ಗ್ಯಾಂಡಾಲ್ಫ್ ಅವನಿಗೆ ಹೇಳುತ್ತಾನೆ, ಗೊಲ್ಲಮ್ ಕೂಡ ನಿಮ್ಮ ಪೈಕಿಯವನೇ ಅಂತ. ಫ್ರೋಡೋಗೆ ಅಸಹ್ಯವಾಗುತ್ತದೆ. ಛೀ, ಆ ಪ್ರಾಣಿಗೂ ನಮಗೂ ಎಲ್ಲಿಯ ನೆಂಟಸ್ತಿಕೆ!

ಇತ್ತು. ದೊಡ್ಡ ಹೊಳೆಯ ದಂಡೆ ಮೇಲೆ ಹಾಬಿಟ್‌ಗಳ ಒಂದು ಮನೆತನ. ಅಜ್ಜಿಯ ಯಜಮಾನಿಕೆ. ಆ ಮನೆಯ ಹುಡುಗ ಸ್ಮೀಗೋಲ್. ಕುತೂಹಲದ ಹುಡುಗ. ಮಡುವಿನ ತಳಕ್ಕೆ ಮುಳುಗುವುದು, ಮರದ ಬೇರಿನಡಿ ತೋಡುವುದು, ಎಲ್ಲದರ ಬುಡ ಹುಡುಕುವುದು. ಹಾಗೆ ಹುಡುಕುತ್ತ ಹುಡುಕುತ್ತ ಅವನು ತಲೆ ಎತ್ತಿ ಬೆಟ್ಟದ ತುದಿ ನೋಡುವುದನ್ನೇ ಬಿಟ್ಟ, ಮರದ ಎಲೆ, ಹೂವು ನೋಡುವುದನ್ನೂ ಬಿಟ್ಟ. ಉಂಗುರ ಸಿಗುವುದಕ್ಕೆ ಮುಂಚಿನ ಮಾತು ಇದು. ಟೋಲ್ಕಿನ್ ಒಂದೆರಡು ಸಾಲಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಇಡೀ ಕತೆಯಲ್ಲಿ ಭಯ ಹುಟ್ಟಿಸಿದ ಸಾಲು ಅದೇ. ಅಷ್ಟರಲ್ಲಿ ಯಾವ ತಪ್ಪೂ ಇಲ್ಲವಲ್ಲ!

ಅವನ ಹುಟ್ಟುಹಬ್ಬದ ದಿನ ಅವನೂ ಗೆಳೆಯ ಡೀಗೋಲ್ ಕೂಡ ದೋಣಿಯಲ್ಲಿ ಹೋದರು. ದೊಡ್ಡ ಮೀನೊಂದು ಗಾಳ ಕಚ್ಚಿ ಡೀಗೋಲ್‌ನನ್ನೇ ನೀರಿಗೆಳೆಯಿತು. ಹೊಳೆಯ ತಳದಲ್ಲಿ ಏನೋ ಮಿನುಗಿತು. ಮೇಲೆ ಬಂದು ಕೆಸರು ತೊಳೆದು ನೋಡಿದರೆ ಚಿನ್ನದ ಉಂಗುರ. ಇವತ್ತು ನನ್ನ ಹುಟ್ಟುಹಬ್ಬ, ನನಗೆ ಕೊಡು ಅಂದ ಸ್ಮೀಗೋಲ್. ನಿನಗೆ ಆಗಲೇ ಉಡುಗೊರೆ ಕೊಟ್ಟಾಗಿದೆ ಅಂದ ಡೀಗೋಲ್. ಸ್ಮೀಗೋಲ್ ಅವನ ಕತ್ತು ಹಿಸುಕಿದ. ಚಿನ್ನ ಅಷ್ಟು ಚೆನ್ನಾಗಿ ಕಂಡಿತು. ಅಷ್ಟೇ ಕಾರಣ.

ಉಂಗುರ ಹಾಕಿಕೊಂಡರೆ ಕಾಣದ ಹಾಗಾಗಬಹುದು. ಅವನು ಗುಟ್ಟು ಕದ್ದು ಕೇಳಿದ, ಮನೆ ಮನೆಯಲ್ಲಿ ಕಳ್ಳತನ ಮಾಡಿದ. ಸಿಕ್ಕಿದವರು ಒದ್ದರು, ಅವನು ಅವರ ಕಾಲು ಕಚ್ಚಿದ. ತನ್ನಷ್ಟಕ್ಕೆ ಗೊಣಗುತ್ತ ಗಂಟಲಲ್ಲಿ ಗೊಳಗೊಳ ಶಬ್ದ ಮಾಡತೊಡಗಿದ. ಆಗ ಅವನ ಬಂಧುಗಳೇ ಅವನನ್ನು ಗೊಲ್ಲಮ್ ಅಂತ ಕರೆದರು. ಗಮನಿಸಿ, ಅದು ಹೆಸರಲ್ಲ. ಗಂಟಲಿನ ಸದ್ದು. ನಮ್ಮಲ್ಲೂ ಹೀಗೇ ಅಲ್ವಾ? ಕುಂಟ, ಮೂಗ ಅಂತ ಕರೆದು ಕರೆದು ಅವನ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿರುತ್ತದೆ.

ಕೊನೆಗೆ ಅಜ್ಜಿಯೇ ಮನೆಯಿಂದ ಹೊರಗೆ ಹಾಕಿದಳು. ಅವನು ಅಳುತ್ತ ಹೊಳೆಯ ಮೇಲುದಂಡೆ ಹಿಡಿದು ನಡೆದ. ಒಂದು ದಿನ ಬಿಸಿಲು. ನೀರಿಗೆ ಬಗ್ಗಿದ್ದ. ನೆತ್ತಿ ಸುಡುತ್ತಿತ್ತು, ನೀರಿನ ಹೊಳಪು ಕಣ್ಣು ಚುಚ್ಚುತ್ತಿತ್ತು. ಸೂರ್ಯನಿಗೇ ಮುಷ್ಟಿ ತೋರಿಸಿದ. ಆ ಬೆಟ್ಟದ ಕೆಳಗೆ ತಂಪಾಗಿರುತ್ತದೆ, ಅದರ ಬುಡದಲ್ಲಿ ದೊಡ್ಡ ಗುಟ್ಟುಗಳಿರಬೇಕು ಅಂದುಕೊಂಡು ಒಳಗೆ ಹೋದ. ಗುಟ್ಟೇನೂ ಇರಲಿಲ್ಲ, ಬರೀ ಕತ್ತಲೆ. ಟೋಲ್ಕಿನ್ ಕೊಟ್ಟ ಕಾಲಪಟ್ಟಿ ಹಿಡಿದು ಕೂಡಿಸಿದರೆ ಆ ಉಂಗುರ ಅವನ ಹತ್ತಿರ 478 ವರ್ಷ ಇತ್ತು.

ಇಲ್ಲೊಂದು ಅಡ್ಡ ಮಾತು. ನಮ್ಮ ಪಕ್ಕದ ಕೇರಳದಲ್ಲಿ ನೆಲದಡಿಯ ನೀರಿನಲ್ಲಿ ಬದುಕುವ ಒಂದು ಮೀನು ಸಿಕ್ಕಿತು. ಹಾವಿನಂತೆ ಉದ್ದ, ಕೆಂಪು ಬಣ್ಣ. 2019ರಲ್ಲಿ ವಿಜ್ಞಾನಿಗಳು ಅದಕ್ಕೆ ಐನಿಗ್ಮಚನ್ನ ಗೊಲ್ಲಮ್ ಎಂದು ಹೆಸರಿಟ್ಟರು. ನೆಲದೊಳಗೆ ಹೋಗಿ ರೂಪ ಬದಲಾಯಿಸಿಕೊಂಡದ್ದು ಅಂತ. ಪಾಪ, ಆ ಮೀನು ಯಾರ ಕತ್ತನ್ನೂ ಹಿಸುಕಿದ್ದಲ್ಲ.

ಟೋಲ್ಕಿನ್ ಲೋಕದಲ್ಲಿ ಹೀಗೆ ಕೆಟ್ಟವರು ಇನ್ನೂ ಇದ್ದಾರೆ. ಒಂಬತ್ತು ಜನ ಕರಿಯ ಸವಾರರು, ಒಂದು ಕಾಲಕ್ಕೆ ಮನುಷ್ಯರು. ಅವರಲ್ಲಿ ರಾಜರೂ ಇದ್ದರು. ಅವರಿಗೂ ಉಂಗುರ ಸಿಕ್ಕಿತು, ಈಗ ನಿಲುವಂಗಿಯ ಒಳಗೆ ಏನೂ ಇಲ್ಲ. ಟೋಲ್ಕಿನ್ ಬರಹಗಳನ್ನೆಲ್ಲ ಜಾಲಾಡಿದರೆ ಒಂಬತ್ತರಲ್ಲಿ ಒಬ್ಬನ ಹೆಸರು ಮಾತ್ರ ಸಿಗುತ್ತದೆ. ಅವರ ನಾಯಕನಿಗೇ ಹೆಸರಿಲ್ಲ. ಇನ್ನೊಬ್ಬ ಇದ್ದಾನೆ, ಕತ್ತಲ ದೊರೆ ಸೌರಾನ್‌ನ ದೂತ. ಅವನು ಭೂತವಲ್ಲ, ಉಸಿರಾಡುವ ಮನುಷ್ಯನೇ. ನಾನು ಸೌರಾನ್‌ನ ಬಾಯಿ ಅಂತ ಪರಿಚಯ ಹೇಳಿಕೊಳ್ಳುತ್ತಾನೆ. ಅವನ ಹೆಸರು ಯಾವ ಕತೆಯಲ್ಲೂ ಉಳಿದಿಲ್ಲ, ಯಾಕೆಂದರೆ ಅವನೇ ಮರೆತಿದ್ದಾನೆ. ಹಲ್ಲು, ಉಗುರು ಇರುವ ಹತ್ತು ರಾಕ್ಷಸರಿಗಿಂತ ಇವನೊಬ್ಬ ನನಗೆ ಜಾಸ್ತಿ ಭಯ.

ನಮ್ಮ ಪುರಾಣದಲ್ಲೂ ಇಂಥವರು ಇದ್ದಾರಲ್ಲ. ಕಬಂಧ. ಹೊಟ್ಟೆಯಲ್ಲೇ ಬಾಯಿ ಇರುವ ರಾಕ್ಷಸ. ಕಬಂಧ ಅಂದರೆ ತಲೆಯಿಲ್ಲದ ಮುಂಡ. ಅದೂ ಹೆಸರಲ್ಲ, ಅವನ ಆಕಾರ. ರಾಮ ಲಕ್ಷ್ಮಣರು ಅವನ ತೋಳು ಕಡಿದಾಗ ಅವನು ಬೇಡಿದ್ದು ಒಂದೇ, ನನ್ನನ್ನು ಸುಟ್ಟುಬಿಡಿ ಅಂತ. ಸುಟ್ಟ ಮೇಲೆ ಹಳೆಯ ಚೆಲುವಿನ ರೂಪದಲ್ಲಿ ಎದ್ದು ಬಂದು, ಸುಗ್ರೀವನ ಹತ್ತಿರ ಹೋಗಿ, ಪಂಪಾ ಸರೋವರದ ಕಡೆ ಅಂತ ದಾರಿ ಹೇಳಿದ. ನಮ್ಮ ಹಂಪಿ, ಆನೆಗೊಂದಿ ಕಡೆಯವರು ಅದು ನಮ್ಮೂರೇ ಅನ್ನುತ್ತಾರೆ. ಮಹಾಭಾರತದ ಕಲ್ಮಾಷಪಾದನಂತೂ ರಾಜ. ಕಿರಿದಾದ ದಾರಿಯಲ್ಲಿ ವಸಿಷ್ಠರ ಮಗ ಶಕ್ತಿ ಎದುರಾದ. ನೀನು ಪಕ್ಕಕ್ಕೆ ಸರಿ, ನೀನು ಸರಿ ಅಂತ ಜಗಳ. ರಾಜ ಚಾವಟಿ ಬೀಸಿದ, ಶಕ್ತಿ ಶಾಪ ಕೊಟ್ಟ. ರಾಜ ನರಭಕ್ಷಕನಾಗಿ ಮೊದಲು ಶಕ್ತಿಯನ್ನೇ ತಿಂದ, ಆಮೇಲೆ ಅವನ ತಮ್ಮಂದಿರನ್ನು. ಹನ್ನೆರಡು ವರ್ಷದ ಮೇಲೆ ಅವನನ್ನು ಬಿಡಿಸಿದವರು ಯಾರು ಗೊತ್ತಾ? ಮಕ್ಕಳನ್ನು ಕಳೆದುಕೊಂಡ ಅದೇ ವಸಿಷ್ಠರು. ಮಂತ್ರಿಸಿದ ನೀರು ಚಿಮುಕಿಸಿದರು, ಆಯಿತು.

ಟೋಲ್ಕಿನ್ ಲೋಕದಲ್ಲಿ ಅಂಥ ನೀರು ಇಲ್ಲ. ಬರೀ ಒಂದು ಕರೆ ಇದೆ. ಉಂಗುರವನ್ನು ಬೆಂಕಿಯ ಬೆಟ್ಟಕ್ಕೆ ಎಸೆಯಲು ಹೊರಟ ಫ್ರೋಡೋ ಮತ್ತು ಅವನ ಆಳು ಸ್ಯಾಮ್ ಕೈಗೆ ಗೊಲ್ಲಮ್ ಸಿಕ್ಕಿಬೀಳುತ್ತಾನೆ. ದಾರಿ ಗೊತ್ತಿರುವುದು ಅವನಿಗೇ. ಫ್ರೋಡೋ ಅವನನ್ನು ಸ್ಮೀಗೋಲ್ ಅಂತ ಕರೆಯುತ್ತಾನೆ. ಅದಕ್ಕೆ ಗೊಲ್ಲಮ್, ಸ್ಮೀಗೋಲ್‌ನ ಕೇಳಬೇಡಿ, ಪಾಪ ಅವನು ಎಂದೋ ಹೋದ, ಕಳೆದುಹೋದ ಅನ್ನುತ್ತಾನೆ. ನಮ್ಮ ಜೊತೆ ಬಂದರೆ ಸಿಕ್ಕರೂ ಸಿಗಬಹುದು ಅನ್ನುತ್ತಾನೆ ಫ್ರೋಡೋ.

ಗೊಲ್ಲಮ್ ತನ್ನನ್ನು "ನಾವು" ಅಂದುಕೊಳ್ಳುತ್ತಾನೆ. ಎಲ್ಲೋ ಅಪರೂಪಕ್ಕೆ "ನಾನು" ಅನ್ನುತ್ತಾನೆ. ಆಗ ಒಳಗಿರುವ ಹಳೆಯ ನಿಜ ಸ್ವಲ್ಪ ಹೊತ್ತು ಮೇಲೆ ಬಂದಿದೆ ಅಂತ ಫ್ರೋಡೋ ಗುರುತು ಇಟ್ಟುಕೊಳ್ಳುತ್ತಾನೆ. ಸ್ಯಾಮ್‌ಗೆ ಇದೆಲ್ಲ ಹಿಡಿಸುವುದಿಲ್ಲ. ಅವನೊಳಗೆ ಒಬ್ಬ ನುಸುಳುವ ಕಳ್ಳ, ಇನ್ನೊಬ್ಬ ನಾರುವ ಕಳ್ಳ, ಇಬ್ಬರೂ ಒಂದೇ ಅನ್ನುವುದು ಅವನ ತೀರ್ಮಾನ. ಮೊದಲ ಸಲ ಓದಿದಾಗ ನಾನು ಸ್ಯಾಮ್ ಕಡೆಗಿದ್ದೆ. ನಂಬಿಗಸ್ತ, ಅಡುಗೆ ಬಲ್ಲವನು, ಯಜಮಾನನಿಗಾಗಿ ಜೀವ ಬಿಡುವವನು. ಅಂಥವನ ಮಾತು ತಪ್ಪಾಗಲು ಹೇಗೆ ಸಾಧ್ಯ?

ಆಮೇಲೆ ದಾರಿಯಲ್ಲಿ ಬೆಟ್ಟ ಹತ್ತುವ ಮೆಟ್ಟಿಲುಗಳು ಬರುತ್ತವೆ. ಗೊಲ್ಲಮ್ ಇವರಿಬ್ಬರನ್ನೂ ಒಂದು ಹೆಣ್ಣು ಜೇಡಕ್ಕೆ ತಿನ್ನಿಸಲು ಒಳಸಂಚು ಮಾಡಿದ್ದಾನೆ. ಹೋಗಿ ಬರುತ್ತಾನೆ. ಇಬ್ಬರೂ ನಿದ್ದೆಯಲ್ಲಿದ್ದಾರೆ, ಸ್ಯಾಮ್ ಮಡಿಲಲ್ಲಿ ಫ್ರೋಡೋ ತಲೆ. ಗೊಲ್ಲಮ್ ನೋಡುತ್ತ ನಿಲ್ಲುತ್ತಾನೆ. ಕಣ್ಣಿನ ಹಸಿರು ಹೊಳಪು ಆರುತ್ತದೆ. ಬಂದ ದಾರಿ ಕಡೆ ತಿರುಗುತ್ತಾನೆ, ತಲೆ ಅಲ್ಲಾಡಿಸುತ್ತಾನೆ. ನಡುಗುವ ಕೈ ಚಾಚಿ ಫ್ರೋಡೋನ ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಾನೆ. ಆ ಗಳಿಗೆ ಯಾರಾದರೂ ಎದ್ದು ನೋಡಿದ್ದರೆ ಅಲ್ಲಿ ಕಾಣುತ್ತಿದ್ದುದು ಒಬ್ಬ ಮುದುಕ ಹಾಬಿಟ್. ತನ್ನ ಕಾಲ, ತನ್ನ ಬಂಧುಗಳು, ಹೊಲ, ಹೊಳೆ ಎಲ್ಲ ಮುಗಿದ ಮೇಲೂ ಬದುಕಿ ಉಳಿದ ಮುದುಕ.

ಸ್ಯಾಮ್ ಎದ್ದ. ಏಯ್, ಏನು ಮಾಡ್ತಿದೀಯ, ಎಲ್ಲಿಗೆ ಕದ್ದು ಹೋಗಿದ್ದೆ, ಕಳ್ಳ ಮುದುಕ ಅಂತ ಗದರಿದ. ಅಷ್ಟೇ. ಹಸಿರು ಹೊಳಪು ವಾಪಸು ಬಂತು. ತಾನು ಬರೆದುದರಲ್ಲಿ ಮನಸ್ಸು ಬಹಳ ಕಲಕಿದ ಜಾಗಗಳಲ್ಲಿ ಇದೂ ಒಂದು ಎಂದು ಟೋಲ್ಕಿನ್ 1945ರಲ್ಲಿ ಮಗನಿಗೆ ಕಾಗದ ಬರೆದಿದ್ದರು. ಕೂದಲೆಳೆಯಲ್ಲಿ ತಪ್ಪಿತು, ಒಂದು ಒರಟು ಮಾತಿನಿಂದ. ಸ್ಯಾಮ್ ಕೆಟ್ಟವನಲ್ಲ. ನಿದ್ದೆಗಣ್ಣಲ್ಲಿದ್ದ, ಅವನಿಗೂ ಆಯಾಸ.

ಈ ಎರಡು ಹೆಸರಿನ ಗೊಂದಲ ಕೋರ್ಟಿನವರೆಗೂ ಹೋಯಿತು, ನಂಬುತ್ತೀರಾ? ಟರ್ಕಿ ದೇಶದಲ್ಲಿ ಒಬ್ಬ ವೈದ್ಯರು ದೇಶದ ಅಧ್ಯಕ್ಷರ ಫೋಟೋ ಪಕ್ಕ ಗೊಲ್ಲಮ್ ಫೋಟೋ ಹಾಕಿ ಹಂಚಿದರು. ಅವಮಾನದ ಕೇಸು ಬಿತ್ತು. ಗೊಲ್ಲಮ್ ಒಳ್ಳೆಯವನೋ ಕೆಟ್ಟವನೋ ನ್ಯಾಯಾಧೀಶರಿಗೆ ತಿಳಿಯಲಿಲ್ಲ. 2015ರಲ್ಲಿ ಅದನ್ನು ತೀರ್ಮಾನಿಸಲು ಐದು ಜನ ಪರಿಣತರನ್ನು ಕೇಳಿದರು. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ಸುಮ್ನೆ ಕೂರಲಿಲ್ಲ. ಆ ಚಿತ್ರಗಳಲ್ಲಿರುವುದು ಗೊಲ್ಲಮ್ ಅಲ್ಲವೇ ಅಲ್ಲ, ಸ್ಮೀಗೋಲ್, ಒಳ್ಳೆಯ ಸಂತೋಷದ ಜೀವಿ ಅಂತ ಹೇಳಿಕೆ ಕೊಟ್ಟರು. ಅದೇ ಮುಖ, ಅದೇ ಕಣ್ಣು. ಕೋರ್ಟಿನ ಮುಂದೆಯೂ ಪ್ರಶ್ನೆ ಮಂತ್ರವಾದಿಯದೇ.

ಸ್ಮೀಗೋಲ್ ಅನ್ನುವುದಾದರೂ ಅವನ ಹೆಸರೇ? ದೊಡ್ಡ ಕತೆಯ ಕೊನೆಯಲ್ಲಿ ಟೋಲ್ಕಿನ್ ಅನುಬಂಧಗಳನ್ನು ಸೇರಿಸಿದ್ದಾರೆ. ಒಂದರಲ್ಲಿ ಭಾಷೆಗಳ ವಿಚಾರ, ಮೇಷ್ಟ್ರಲ್ಲವೇ. ಆ ಲೋಕದ ಹೆಸರುಗಳನ್ನು ನಾನು ನಿಮಗಾಗಿ ಅನುವಾದ ಮಾಡಿದ್ದೇನೆ ಅನ್ನುತ್ತಾರೆ. ಸ್ಮೀಗೋಲ್ ಎಂಬುದು ಹಳೆಯ ಇಂಗ್ಲಿಷಿನಿಂದ ತಾವೇ ಮಾಡಿಕೊಂಡ ರೂಪ. ಹೊಳೆ ದಂಡೆಯ ಜನ ಆ ಹುಡುಗನನ್ನು ಕರೆಯುತ್ತಿದ್ದ ಹೆಸರು ತ್ರಹಾಲ್ಡ್. ತೋಡಿಕೊಂಡು ಒಳಗೆ ಹೋಗುವವನು ಅಂತ ಅದರ ಅರ್ಥ. ಪುಸ್ತಕದ ಹಿಂದಿನ ಪುಟಗಳಲ್ಲಿ, ಚಿಕ್ಕ ಅಕ್ಷರದಲ್ಲಿದೆ. ಎಷ್ಟೋ ಸಲ ಓದಿದ ಮೇಲೆ ನನ್ನ ಕಣ್ಣಿಗೆ ಬಿತ್ತು. ಒಂದು ಸಲ ಜೋರಾಗಿ ಹೇಳಿ ನೋಡಿದೆ. ತ್ರಹಾಲ್ಡ್.

ನಮಸ್ಕಾರ.