ಸಾರ್ಟ್ ಯಾಕೆ ಉತ್ತರ ಕೊಡುತ್ತಿಲ್ಲ?

ಕೇಳುಗರೆಲ್ಲರಿಗೂ ನಮಸ್ಕಾರ. ಪ್ರೋಗ್ರಾಂ ಬರೆಯುವವರು ಒಂದಲ್ಲ ಒಂದು ದಿನ ತಮ್ಮ ಪ್ರೋಗ್ರಾಂ ಒಳಗಿಂದಲೇ ಇನ್ನೊಂದನ್ನು ಶುರು ಮಾಡಿ, ಅದರಿಂದ ಕೆಲಸ ಮಾಡಿಸಿಕೊಳ್ಳುತ್ತಾರೆ. ಶುರು ಮಾಡಿದ್ದು ಪೇರೆಂಟ್, ಶುರುವಾದದ್ದು ಚೈಲ್ಡ್ ಪ್ರೋಸೆಸ್. ಇವೆರಡರ ನಡುವೆ ಮಾತುಕತೆ ನಡೆಯುವುದು ಪೈಪ್ ಮೂಲಕ, ಅಂದರೆ ಒಂದು ತುದಿಯಲ್ಲಿ ಬರೆದದ್ದನ್ನು ಇನ್ನೊಂದು ತುದಿಯಲ್ಲಿ ಓದುವ ದಾರಿ. ಈ ಪೈಪ್ ಹಳೆಯದು. ಪ್ರೋಗ್ರಾಂಗಳನ್ನು ತೋಟದ ನೀರಿನ ಕೊಳವೆಗಳ ಹಾಗೆ ಒಂದಕ್ಕೊಂದು ಜೋಡಿಸುವಂತಿರಬೇಕು ಅಂತ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ 1964ರಲ್ಲೇ ಬರೆದಿಟ್ಟಿದ್ದರು. ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ಸೇರಿಸಿದ್ದು 1973ರಲ್ಲಿ.

ಈಗ ಪೈಥಾನ್‌ನಲ್ಲಿ ಸಾಲುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸುವ ಸಾರ್ಟ್ ಕಮಾಂಡನ್ನು ಚೈಲ್ಡ್ ಆಗಿ ಶುರು ಮಾಡಿದಿರಿ ಅನ್ನಿ. ನೂರು ಹೆಸರು ಕಳಿಸಿದಿರಿ. ಉತ್ತರ ಓದಲು ಕೂತಿರಿ. ಏನೂ ಬರುವುದಿಲ್ಲ. ಎರರ್ ಇಲ್ಲ, ಸಿಪಿಯು ಕೂಡ ಸುಮ್ನೆ ಕೂತಿದೆ.

ಸಾರ್ಟ್ ಕೆಟ್ಟಿಲ್ಲ. ಕೊನೆಯ ಹೆಸರು ಕೈಗೆ ಬರುವವರೆಗೆ ಮೊದಲು ಬರಬೇಕಾದದ್ದು ಯಾವುದು ಅಂತ ಅದಾದರೂ ಹೇಗೆ ಹೇಳೀತು, ಅಲ್ವಾ? ನೂರಾ ಒಂದನೆಯದಾಗಿ ಅಕ್ಕಮ್ಮ ಬಂದರೆ? ನೀವು ಬರೆಯುವ ತುದಿಯನ್ನು ಕ್ಲೋಸ್ ಮಾಡಿದಾಗಲೇ ಅದಕ್ಕೆ ಪಟ್ಟಿ ಮುಗಿಯಿತು ಅಂತ ಗೊತ್ತಾಗುವುದು. ಸಿ ಭಾಷೆಯಲ್ಲಿ ನೇರವಾಗಿ ಫೋರ್ಕ್ ಮಾಡುವವರು, ಅಂದರೆ ಪ್ರೋಸೆಸ್‌ನ ನಕಲು ಮಾಡಿ ಚೈಲ್ಡ್ ಹುಟ್ಟಿಸುವವರು, ಇನ್ನೂ ಹುಷಾರಾಗಿರಬೇಕು. ಆ ತುದಿಯ ಒಂದು ಪ್ರತಿ ಚೈಲ್ಡ್ ಹತ್ತಿರವೂ ಉಳಿದಿರುತ್ತದೆ. ಅಲ್ಲೂ ಮುಚ್ಚದಿದ್ದರೆ ಸಾರ್ಟ್ ತಾನೇ ತೆರೆದಿಟ್ಟ ಪೈಪಿನ ಮುಂದೆ ತಾನೇ ಕಾಯುತ್ತಿರುತ್ತದೆ.

ಇನ್ನೊಂದು ತೊಂದರೆ ಚಿಕ್ಕ ಫೈಲಿನಲ್ಲಿ ಕಾಣಿಸುವುದೇ ಇಲ್ಲ. ಹತ್ತು ಎಂಬಿ ಕನ್ನಡ ಪಠ್ಯವನ್ನು, ಪದ ಹುಡುಕಿ ಬದಲಿಸಿಕೊಡುವ ಸೆಡ್ ಕಮಾಂಡಿಗೆ ಕೊಟ್ಟು, ಬ್ಯಾಂಗಲೋರ್ ಅಂತ ಇರುವ ಕಡೆಯೆಲ್ಲ ಬೆಂಗಳೂರು ಮಾಡಿಸಬೇಕು. ಮೊದಲು ಪೂರ್ತಿ ಬರೆದು, ಆಮೇಲೆ ಓದೋಣ ಅಂದುಕೊಳ್ಳುತ್ತೀರಿ. ಆದರೆ ಲಿನಕ್ಸ್‌ನಲ್ಲಿ ಒಂದು ಪೈಪ್ ಸಾಮಾನ್ಯವಾಗಿ ಹಿಡಿಯುವುದು 65,536 ಬೈಟ್ ಮಾತ್ರ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಪ್ರತಿ ಅಕ್ಷರ, ಪ್ರತಿ ಕಾಗುಣಿತದ ಚಿಹ್ನೆ ಮೂರು ಮೂರು ಬೈಟ್ ತಿನ್ನುತ್ತದೆ. ಇಂಗ್ಲಿಷಿಗಿಂತ ಬೇಗ ತುಂಬುತ್ತದೆ. ಸೆಡ್ ಸಾರ್ಟ್ ಹಾಗೆ ಕೊನೆಯವರೆಗೆ ಕಾಯುವುದಿಲ್ಲ, ಓದುತ್ತಾ ಓದುತ್ತಾ ಬರೆದುಬಿಡುತ್ತದೆ. ನೀವು ಓದುತ್ತಿಲ್ಲವಲ್ಲ, ಅದರ ಪೈಪ್ ತುಂಬಿ ಅದು ನಿಂತಿತು. ಅದು ಓದುವುದು ನಿಲ್ಲಿಸಿದ್ದಕ್ಕೆ ನಿಮ್ಮ ಪೈಪ್ ತುಂಬಿ ನೀವೂ ನಿಂತಿರಿ. ಇದೇ ಡೆಡ್‌ಲಾಕ್.

ಪೈಥಾನ್‌ನ ಕಮ್ಯುನಿಕೇಟ್ ಎಂಬ ಫಂಕ್ಷನ್ ಇರುವುದು ಇದಕ್ಕೇ. ಬರೆಯುವುದು, ಓದುವುದು, ಕ್ಲೋಸ್ ಮಾಡುವುದು ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುತ್ತದೆ. ಸ್ವಂತ ಲೂಪ್ ಬರೆದು ಜಾಣತನ ತೋರಿಸುವುದಕ್ಕಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ. ಸ್ವಂತ ಲೂಪಿನಲ್ಲಿ 4096 ಬೈಟ್‌ನ ತುಂಡುಗಳಾಗಿ ಓದಿದರೆ ಬರೀ ಕನ್ನಡವೇ ಇದ್ದಾಗ 1365 ಅಕ್ಷರ-ಚಿಹ್ನೆಗಳಾಗಿ ಒಂದು ಬೈಟ್ ಮಿಗುತ್ತದೆ. ಅದು ಮುಂದಿನ ಅಕ್ಷರದ ತುಣುಕು. ತುಂಡನ್ನು ಹಾಗೇ ಡಿಕೋಡ್ ಮಾಡಿ ಅಕ್ಷರಗಳಾಗಿ ತಿರುಗಿಸಲು ಹೋದರೆ ಎರರ್ ಗ್ಯಾರಂಟಿ.

ಆದರೆ ಕಮ್ಯುನಿಕೇಟ್ ಒಂದೇ ಸಲದ ವ್ಯವಹಾರ. ಸ್ಟಾಕ್‌ಫಿಶ್‌ನಂಥ ಚೆಸ್ ಎಂಜಿನ್ ಜೊತೆ ಅದು ನಡೆಯುವುದಿಲ್ಲ. ಅಲ್ಲಿ ಮಾತುಕತೆ ಉದ್ದಕ್ಕೂ ಇರುತ್ತದೆ. ಈಸ್‌ರೆಡಿ ಅಂತ ಒಂದು ಸಾಲು ಬರೆಯಬೇಕು, ರೆಡಿಓಕೆ ಅಂತ ಉತ್ತರ ಬರುತ್ತದೆ, ಆಮೇಲೆ ನಡೆ ಕೇಳಬೇಕು. ಪ್ರತಿ ಸಾಲಿನ ನಂತರ ಫ್ಲಶ್ ಮಾಡಿ ಅದನ್ನು ಪೈಪಿಗೆ ತಳ್ಳಲೇಬೇಕು, ಇಲ್ಲದಿದ್ದರೆ ಅದು ನಿಮ್ಮ ಬಫರಿನಲ್ಲೇ, ಅಂದರೆ ಬರೆದದ್ದನ್ನು ತಾತ್ಕಾಲಿಕವಾಗಿ ಕೂಡಿಡುವ ಜಾಗದಲ್ಲೇ, ಬಿದ್ದಿರುತ್ತದೆ. ಚೈಲ್ಡ್ ನೀವೇ ಬರೆದದ್ದಾದರೆ ಅಲ್ಲೂ ಫ್ಲಶ್ ಹಾಕಿ. ಟರ್ಮಿನಲ್‌ನಲ್ಲಿ ಸಾಲು ಸಾಲಾಗಿ ಬರುತ್ತಿದ್ದ ಔಟ್‌ಪುಟ್, ಪೈಪಿಗೆ ಹೋಗುವಾಗ ಬಫರ್ ತುಂಬುವವರೆಗೆ ತಡೆದು ನಿಲ್ಲುತ್ತದೆ. ಆಟ ಮುಗಿದ ಮೇಲೆ ಕ್ವಿಟ್ ಅಂತ ಕಳಿಸಿ, ವೇಟ್ ಫಂಕ್ಷನ್ ಕರೆದು ಚೈಲ್ಡ್ ಮುಗಿಯುವವರೆಗೆ ಕಾಯಿರಿ. ವೇಟ್ ಮರೆತರೆ ಮುಗಿದುಹೋದ ಚೈಲ್ಡ್, ಪೇರೆಂಟ್ ಮುಗಿಯುವವರೆಗೂ ಪ್ರೋಸೆಸ್ ಪಟ್ಟಿಯಲ್ಲಿ ಜಾಂಬಿಯಾಗಿ ಉಳಿದುಬಿಡುತ್ತದೆ. ನಮಸ್ಕಾರ.