ರಟ್ಟಿನ ವಿಮಾನದ ಕೆಳಗಿದ್ದ ಚಪ್ಪಲಿ

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡ್ಬೇಕು ಅಂತ ಬಂದಿರೋದು ಫೋಟೋಗಳ ಬಗ್ಗೆ, ಅದೂ ಕನಸಲ್ಲಿ ಕಂಡ ಹಾಗಿರೋ ಫೋಟೋಗಳು. ರೇಡಿಯೋದಲ್ಲಿ ಚಿತ್ರ ತೋರಿಸೋಕಾಗಲ್ಲ, ಆದ್ರೆ ನಾನು ಒಂದೊಂದಾಗಿ ಹೇಳ್ತಾ ಹೋಗ್ತೀನಿ, ನೀವು ಕಣ್ಣು ಮುಚ್ಕೊಂಡು ಕೇಳಿ.

ನಮ್ಮನೆ ಪಡಸಾಲೇಲಿ ಒಂದು ಫೋಟೋ ಇತ್ತು. ನಮ್ಮಜ್ಜ ಅಜ್ಜಿ ಜಾತ್ರೇಲಿ ತೆಗೆಸ್ಕೊಂಡಿದ್ದು. ರಟ್ಟಿನ ವಿಮಾನ, ಹಿಂದೆ ಪರದೆ ಮೇಲೆ ಬಿಳಿ ಮೋಡ, ಇಬ್ರೂ ಅದ್ರೊಳಗೆ ಕೂತ ಹಾಗೆ ಕಾಣ್ತಾರೆ, ಅಜ್ಜಿ ಅಂತೂ ಗಾಳಿಗೆ ಹಾರೋಗುತ್ತೇನೋ ಅನ್ನೋ ಹಾಗೆ ಸೆರಗು ಗಟ್ಟಿಯಾಗಿ ಹಿಡ್ಕೊಂಡಿದ್ದಾರೆ. ಎಷ್ಟೋ ವರ್ಷ ಆದ್ಮೇಲೆ ಗಾಜು ಒಡೆದು ಫ್ರೇಮ್ ಬದಲಾಯಿಸೋಕೆ ಬಿಚ್ಚಿದಾಗ ನೋಡಿದ್ರೆ, ಫ್ರೇಮಿನ ರಟ್ಟು ಮುಚ್ಚಿದ್ದ ಕೆಳಗಿನ ಎರಡು ಬೆರಳಗಲ ಜಾಗದಲ್ಲಿ ವಿಮಾನ ಮುಗಿದು ನೆಲ ಕಾಣುತ್ತೆ, ನೆಲದ ಮೇಲೆ ಅಜ್ಜನ ಚಪ್ಪಲಿ, ಜಾತ್ರೆ ಧೂಳು ಮೆತ್ತಿಕೊಂಡಿರೋ ಚಪ್ಪಲಿ. ಮೇಲೆ ಆಕಾಶ, ಕೆಳಗೆ ಧೂಳು. ಅವತ್ತಿಂದ ನಾನು ಇಂಥ ಯಾವುದೇ ಚಿತ್ರ ನೋಡಿದ್ರೂ ಮೊದಲು ಹುಡುಕೋದು ಆ ಚಪ್ಪಲಿನೇ. ಕನಸು ಎಲ್ಲಿ ಮುಗಿಯುತ್ತೆ, ನೆಲ ಎಲ್ಲಿ ಶುರುವಾಗುತ್ತೆ, ಆ ಹೊಲಿಗೆ.

ಅಮೆರಿಕಾದಲ್ಲಿ ಸ್ಯಾಂಡಿ ಸ್ಕೋಗ್ಲಂಡ್ ಅಂತ ಒಬ್ರು ಕಲಾವಿದೆ ಇದ್ದಾರೆ. 1981ರಲ್ಲಿ ಅವರು ಒಂದು ಫೋಟೋ ಮಾಡಿದ್ರು, ಹೆಸರು 'ರಿವೆಂಜ್ ಆಫ್ ದ ಗೋಲ್ಡ್‌ಫಿಶ್', ಅಂದ್ರೆ ಹೊಂಬಣ್ಣದ ಮೀನುಗಳು ಸೇಡು ತೀರಿಸ್ಕೊಂಡಿದ್ದು. ಒಂದು ಮಲಗೋ ಕೋಣೆ ಅಂದ್ಕೊಳ್ಳಿ. ಗೋಡೆ ನೀಲಿ, ನೆಲ ನೀಲಿ, ಮಂಚ ನೀಲಿ, ಹಾಸಿಗೆನೂ ನೀಲಿ. ಹಾಸಿಗೆ ಮೇಲೆ ಒಬ್ಬ ಹೆಂಗಸು ನಿದ್ದೆ ಹೋಗಿದ್ದಾಳೆ, ಅಂಚಲ್ಲಿ ಒಬ್ಬ ಹುಡುಗ ಎದ್ದು ಕೂತಿದ್ದಾನೆ. ಕೋಣೆ ತುಂಬಾ ಕಿತ್ತಳೆ ಬಣ್ಣದ ಮೀನು, ಗಾಳೀಲಿ ಈಜ್ತಾ ಇವೆ, ನೆಲದ ಮೇಲೆ ಬಿದ್ದಿವೆ, ಹಾಸಿಗೆ ಮೇಲೂ ಇವೆ. ನಾನು ಇದನ್ನ ಮೊದಲ ಸಲ ನೋಡಿದಾಗ ಕಂಪ್ಯೂಟರಲ್ಲಿ ಮಾಡಿರ್ಬೇಕು ಅಂದ್ಕೊಂಡಿದ್ದೆ, ಆಮೇಲೆ ಇಸವಿ ನೋಡಿ ಬೆಚ್ಚಿಬಿದ್ದೆ. ಅಷ್ಟೂ ಮೀನನ್ನ ಆಕೆ ಮಣ್ಣಲ್ಲಿ ತಾನೇ ಮಾಡಿದ್ದು, ಇಡೀ ಕೋಣೆಗೆ ಬಣ್ಣ ಬಳಿದು, ಮೀನುಗಳನ್ನ ತೂಗುಹಾಕಿ, ಜೋಡಿಸಿ, ಎಲ್ಲಾ ಆದ್ಮೇಲೆ ಮನುಷ್ಯರನ್ನ ಕರೆದು ಕೂರಿಸಿ ಫೋಟೋ ತೆಗೆದಿದ್ದು. ತಿಂಗಳುಗಟ್ಟಲೆ ಕೆಲಸ, ಒಂದು ಚಿತ್ರಕ್ಕೆ!

ಅದರ ಹಿಂದಿನ ವರ್ಷ ಮಾಡಿದ್ದು ಬೆಕ್ಕುಗಳದ್ದು. ಬೂದಿ ಬಣ್ಣದ ಅಡುಗೆಮನೆ, ವಯಸ್ಸಾದ ಗಂಡ ಹೆಂಡತಿ, ಕಣ್ಣು ಕುಕ್ಕೋ ಹಸಿರು ಬಣ್ಣದ ಬೆಕ್ಕುಗಳು ಎಲ್ಲೆಲ್ಲೂ. ಆ ಬೆಕ್ಕುಗಳು ತಂತಿ ಬಲೆ ಮೇಲೆ ಪ್ಲಾಸ್ಟರ್ ಮೆತ್ತಿ ಮಾಡಿದ್ದು, ಥೇಟ್ ನಮ್ಮಲ್ಲಿ ಹುಲ್ಲು ಕಟ್ಟಿ ಮಣ್ಣು ಮೆತ್ತಿ ಗಣಪತಿ ಮಾಡೋ ಹಾಗೆ. ಇಲ್ಲಿ ನನ್ನ ಕಣ್ಣಿಗೆ ಚಪ್ಪಲಿ ಯಾವುದು ಅಂದ್ರೆ ಆ ಇಬ್ರು ಮುದುಕರು, ಅವರ ನಿಜವಾದ ಸುಸ್ತು, ಜಗತ್ತೆಲ್ಲಾ ಹಸಿರು ಬೆಕ್ಕಾದ್ರೂ ಸಂಜೆ ಅಡುಗೆ ಆಗ್ಲೇಬೇಕಲ್ಲ ಅನ್ನೋ ಥರ.

ಇನ್ನೊಬ್ರು ಇದ್ರು, ಜೆರ್ರಿ ಯೂಲ್ಸ್‌ಮನ್ ಅಂತ, ಫ್ಲಾರಿಡಾದಲ್ಲಿ ಮೇಷ್ಟ್ರು, 2022ರಲ್ಲಿ ತೀರಿಕೊಂಡ್ರು. ಇವರ ಕೆಲಸ ಎಲ್ಲಾ ಡಾರ್ಕ್‌ರೂಮಲ್ಲಿ. ನೀರಿನ ಮೇಲೆ, ಗಾಳೀಲಿ, ಬೇರು ಸಮೇತ ತೇಲ್ತಾ ಇರೋ ಒಂದು ಮರ, ಕಪ್ಪು ಬಿಳುಪು. ಹೇಗೆ ಮಾಡ್ತಿದ್ರು ಅಂದ್ರೆ, ಕತ್ತಲೆ ಕೋಣೇಲಿ ನಾಲ್ಕಾರು ಎನ್ಲಾರ್ಜರ್, ಅಂದ್ರೆ ಫಿಲ್ಮಿನ ನೆಗೆಟಿವ್ ಮೂಲಕ ಬೆಳಕು ಬಿಟ್ಟು ಕೆಳಗಿನ ಫೋಟೋ ಕಾಗದದ ಮೇಲೆ ಚಿತ್ರ ಬೀಳಿಸೋ ಯಂತ್ರ, ಸಾಲಾಗಿ ಇಟ್ಕೊಂಡು, ಒಂದರಲ್ಲಿ ಮರದ ನೆಗೆಟಿವ್, ಇನ್ನೊಂದರಲ್ಲಿ ನೀರಿನ ನೆಗೆಟಿವ್, ಒಂದೇ ಕಾಗದವನ್ನ ಒಂದರ ಕೆಳಗಿಂದ ಇನ್ನೊಂದರ ಕೆಳಗೆ ಸರಿಸ್ತಾ, ಬೆಳಕು ಬೀಳಬಾರದ ಜಾಗಕ್ಕೆ ಅಂಗೈ ಅಡ್ಡ ಹಿಡಿದು, ಎರಡೂ ಕೂಡೋ ಕಡೆ ಗೆರೆ ಕಾಣದ ಹಾಗೆ ಮಾಡ್ತಿದ್ರು. ಇವರದ್ರಲ್ಲಿ ಹೊಲಿಗೆ ಹುಡುಕಿದ್ರೂ ಸಿಗಲ್ಲ. ಆದ್ರೆ ನಂಗೆ ಆ ಅಡ್ಡ ಹಿಡಿದ ಅಂಗೈ ಕಾಣುತ್ತೆ ಯಾವಾಗ್ಲೂ.

ಫಿಲಿಪ್ ಹಾಲ್ಸ್‌ಮನ್ ಅನ್ನೋ ಫೋಟೋಗ್ರಾಫರ್ 1948ರಲ್ಲಿ ಚಿತ್ರಕಾರ ಡಾಲಿಯ ಫೋಟೋ ತೆಗೆದಿದ್ದು ನೀವು ಎಲ್ಲಾದ್ರೂ ನೋಡಿರ್ತೀರಿ, ಡಾಲಿ ಗಾಳೀಲಿ, ಮೂರು ಬೆಕ್ಕು ಗಾಳೀಲಿ, ಒಂದು ಬಕೆಟ್ ನೀರು ಗಾಳೀಲಿ, ಕುರ್ಚಿನೂ ಗಾಳೀಲಿ. 28 ಸಲ ತೆಗೆದ ಮೇಲೆ ಸರಿಯಾಗಿ ಬಂತಂತೆ. ಪ್ರತಿ ಸಲ ಬೆಕ್ಕು ಹಿಡಿದು ತರ್ಬೇಕು, ನೆಲ ಒರೆಸ್ಬೇಕು (ಪಾಪ ಆ ಬೆಕ್ಕುಗಳು, ಅದೊಂದು ನಂಗೆ ಇಷ್ಟ ಆಗಲ್ಲ). ತಿದ್ದದೇ ಇರೋ ಮೂಲ ಫೋಟೋ ನೋಡಿದ್ರೆ ಕುರ್ಚಿ ಹಿಡ್ಕೊಂಡಿರೋ ಕೈ ಕಾಣುತ್ತೆ, ತಂತಿ ಕಾಣುತ್ತೆ. ತಿದ್ದಿದ ಫೋಟೋಗಿಂತ ನಂಗೆ ಅದೇ ಹೆಚ್ಚು ಇಷ್ಟ.

ಇದೆಲ್ಲಾ ದೂರದ್ದಾಯ್ತು. ನಮ್ಮ ಬೆಂಗಳೂರಲ್ಲೇ ಪುಷ್ಪಮಾಲಾ ಎನ್. ಇದ್ದಾರೆ. ಓದಿದ್ದು ಶಿಲ್ಪಕಲೆ, ಆಮೇಲೆ ಫೋಟೋ ಒಳಗೆ ತಾವೇ ಪಾತ್ರ ಆದ್ರು. 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರ್ಕೊಂಡು ಒಂದು ದೊಡ್ಡ ಸರಣಿ ಮಾಡಿದ್ರು, ಅದ್ರಲ್ಲಿ ರವಿವರ್ಮನ ಲಕ್ಷ್ಮಿ ಇದ್ದಾಳಲ್ಲ, ಕ್ಯಾಲೆಂಡರಿನ ಲಕ್ಷ್ಮಿ, ಅದೇ ಥರ ಪರದೆ, ಅದೇ ಥರ ಕಿರೀಟ, ಕಮಲ, ಎಲ್ಲಾ ಹಾಕ್ಕೊಂಡು ತಾವೇ ನಿಂತಿದ್ದಾರೆ. ದಿನಾ ಊದುಬತ್ತಿ ಹಚ್ಚಿ ಕೈ ಮುಗಿಯೋ ಚಿತ್ರದೊಳಗಿಂದ ನಿಜವಾದ ಒಂದು ಮುಖ ನಮ್ಮನ್ನ ನೋಡಿದ್ರೆ ಹೇಗಿರುತ್ತೆ ಹೇಳಿ, ಮೈ ಜುಮ್ ಅನ್ನುತ್ತೆ.

ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರದ್ದು ಗೊತ್ತೇ ಇರುತ್ತೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯನ್ನ ಕೆರೆ ಥರ ಮಾಡಿ ಬೊಂಬೆ ಮೊಸಳೆ ಬಿಟ್ಟೋರು. 2019ರ ಸೆಪ್ಟೆಂಬರಲ್ಲಿ, ಇನ್ನೇನು ಚಂದ್ರಯಾನ 2 ಇಳಿಯುತ್ತೆ ಅಂತ ಇಡೀ ದೇಶ ಕಾಯ್ತಿದ್ದಾಗ, ಒಂದು ವಿಡಿಯೋ ಹಾಕಿದ್ರು. ಕತ್ತಲು. ಬೆಳ್ಳಿ ಬಣ್ಣದ ದಿರಿಸು ಹಾಕ್ಕೊಂಡ ಗಗನಯಾತ್ರಿ ನಿಧಾನಕ್ಕೆ, ತೂಕನೇ ಇಲ್ಲದ ಹಾಗೆ, ಚಂದ್ರನ ಕುಳಿಗಳ ಪಕ್ಕ ಹೆಜ್ಜೆ ಇಡ್ತಿದ್ದಾರೆ. ನಾನಂತೂ ಚಂದ್ರನೇ ಅಂದ್ಕೊಂಡು ನೋಡ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೋ ಹೋಗುತ್ತೆ. ಹೆಡ್‌ಲೈಟ್ ಬೆಳಕಲ್ಲಿ ಚಂದ್ರ ಮಾಯ, ಅದು ಬೆಂಗಳೂರಿನ ಹೇರೋಹಳ್ಳಿ ಕಡೆ ಗುಂಡಿ ಬಿದ್ದ ರಸ್ತೆ. ಆ ದಿರಿಸಿನ ಒಳಗಿದ್ದೋರು ನಟ ಪೂರ್ಣಚಂದ್ರ ಮೈಸೂರು. ಆ ಗುಂಡಿಗಳನ್ನ ಆಮೇಲೆ ಬೇಗ ಮುಚ್ಚಿದ್ರು, ಅದು ಒಳ್ಳೇದೇ ಆಯ್ತು. ಆದ್ರೆ ನನ್ನ ಮನಸ್ಸಲ್ಲಿ ಉಳಿದಿರೋದು ಆಟೋ. ಆ ಆಟೋ ಬರದೇ ಹೋಗಿದ್ರೆ ಅದು ಚೆನ್ನಾಗಿ ಮಾಡಿದ ಒಂದು ಚಂದ್ರನ ವಿಡಿಯೋ ಅಷ್ಟೇ ಆಗಿರೋದು.

ಈಗ ಫೋನಲ್ಲಿ ಎಐಗೆ ಒಂದು ಸಾಲು ಟೈಪ್ ಮಾಡಿದ್ರೆ ಕೋಣೆ ತುಂಬಾ ಮೀನು ಬರುತ್ತೆ, ಒಂದು ನಿಮಿಷನೂ ಬೇಡ. ನಾನೂ ಮಾಡಿ ನೋಡಿದೀನಿ. ಚೆನ್ನಾಗೇ ಇರುತ್ತೆ, ಆದ್ರೆ ಎಷ್ಟು ಹುಡುಕಿದ್ರೂ ಚಪ್ಪಲಿ ಸಿಗಲ್ಲ, ಯಾಕಂದ್ರೆ ಅಲ್ಲಿ ಯಾರೂ ನಿಂತಿರ್ಲಿಲ್ಲ.

ನಿಮ್ಮನೇಲೂ ಇಂಥ ಜಾತ್ರೆ ಫೋಟೋ ಇರಬಹುದು, ರಟ್ಟಿನ ಚಂದ್ರನ ಮೇಲೆ ಕೂತಿದ್ದು, ರಟ್ಟಿನ ಕಾರಲ್ಲಿ ಹೋಗ್ತಿರೋದು. ಹಳೇ ಫ್ರೇಮಿನ ಹಿಂದಿನ ಮೊಳೆಗಳು ತುಕ್ಕು ಹಿಡಿದಿರುತ್ತವೆ, ನಿಧಾನಕ್ಕೆ ಕೀಳಿ, ಫೋಟೋ ಗಾಜಿಗೆ ಅಂಟಿಕೊಂಡಿದ್ರೆ ಎಳೀಬೇಡಿ. ಕೆಳಗಿನ ಅಂಚು ನೋಡಿ. ನಮಸ್ಕಾರ.